ಬಿಲ್ಲು ಬಿಟ್ಟರೆ ದೂರು ಮುಗಿಯಿತೇ?

ಗಲ್ಲಾದ ಮುಂದೆ ನಿಂತು ಚಿಲ್ಲರೆ ಎಣಿಸಿಕೊಳ್ಳುವವರನ್ನು ‘ಊಟ ಹೇಗಿತ್ತು?’ ಎಂದು ಕೇಳುವುದು ನನ್ನ ಅಭ್ಯಾಸ. ‘ಚೆನ್ನಾಗಿತ್ತು’ ಎನ್ನುತ್ತಾರೆ, ಸೋಂಪು ಬಾಯಿಗೆ ಹಾಕಿಕೊಳ್ಳುತ್ತಾರೆ, ಹೋಗುತ್ತಾರೆ. ಕಳೆದ ಮಳೆಗಾಲದಲ್ಲಿ ಒಬ್ಬರು ಹೀಗೆಯೇ ನಗುತ್ತ ‘ಚೆನ್ನಾಗಿತ್ತು’ ಎಂದು ಹೋದರು. ಸಂಜೆಯೊಳಗೆ ಗೂಗಲ್‌ನಲ್ಲಿ ನಮ್ಮ ಹೋಟೆಲಿನ ಹೆಸರಿನ ಕೆಳಗೆ ಒಂದೇ ಒಂದು ನಕ್ಷತ್ರ ಕೊಟ್ಟು ಬರೆದಿದ್ದರು: ಸಾರು ಆರಿ ಹೋಗಿತ್ತು, ಎರಡನೆಯ ಸಲ ಅನ್ನ ಕೇಳಿದರೆ ಯಾರೂ ತಿರುಗಿ ನೋಡಲಿಲ್ಲ, ಕೈ ತೊಳೆಯುವಲ್ಲಿ ನೀರು ನಿಂತಿತ್ತು. ಜೊತೆಗಿದ್ದ ಚಿತ್ರದಿಂದ ಅವರೇ ಎಂದು ಗುರುತು ಸಿಕ್ಕಿತು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇಷ್ಟು ಕಣ್ಣಿಟ್ಟು ಎಲ್ಲವನ್ನೂ ಗಮನಿಸಿದ ಮನುಷ್ಯ, ನಾನೇ ಬಾಯಿಬಿಟ್ಟು ಕೇಳಿದಾಗ ನನ್ನೆದುರಿಗೆ ಒಂದು ಮಾತೂ ಯಾಕೆ ಆಡಲಿಲ್ಲ ಎನ್ನುವುದು ಮಾತ್ರ ಬಹಳ ದಿನ ತಲೆಯಲ್ಲಿ ಕೊರೆಯುತ್ತಿತ್ತು.

ಗಲ್ಲಾದ ಮುಂದೆ ನಿಂತವನ ಪಾಡನ್ನು ಒಮ್ಮೆ ನೋಡಿ. ಕೈ ಇನ್ನೂ ಒದ್ದೆ, ಬಸ್ಸಿನ ಹೊತ್ತು, ಹಿಂದೆ ಬಿಲ್ಲು ಹಿಡಿದ ನಾಲ್ಕು ಜನ. ಕೇಳುತ್ತಿರುವವರು ಆಗಷ್ಟೇ ಅವನ ದುಡ್ಡನ್ನು ಡ್ರಾಯರಿಗೆ ಹಾಕಿದವರು. ಆರಿದ ಸಾರನ್ನು ಅನ್ನ ತಟ್ಟೆಯಲ್ಲಿರುವಾಗ ಬದಲಾಯಿಸಬಹುದಿತ್ತು. ಕೈ ತೊಳೆದ ಮೇಲೆ ಅದನ್ನು ಹೇಳಿ ಯಾರಿಗೆ ಏನಾಗಬೇಕು? ನನ್ನ ಪ್ರಶ್ನೆ ಉಪಚಾರದ್ದಾಗಿತ್ತು, ಅವರ ಉತ್ತರವೂ ಉಪಚಾರದ್ದೇ. ನಿಜವಾದ ಉತ್ತರ ಬೇಕಿದ್ದರೆ ನಾನು ಕುರ್ಚಿ ಬಿಟ್ಟು ಎದ್ದು, ಊಟ ಅರ್ಧದಲ್ಲಿರುವಾಗ ಮೇಜಿನ ಹತ್ತಿರ ಹೋಗಬೇಕಿತ್ತು. ಮಧ್ಯಾಹ್ನ ಒಂದೂವರೆಗೆ ಉಡುಪಿಯ ಯಾವ ಹೋಟೆಲಿನಲ್ಲಿ ಗಲ್ಲಾ ಬಿಟ್ಟು ಏಳಲು ಪುರುಸೊತ್ತಿದೆ ಎಂದು ಕೇಳಬೇಡಿ.

ಜಗಲಿಯಲ್ಲಿ ಆಡುವ ಮಾತು

ಕರಾವಳಿಯವರು ಸಾಧುಗಳು, ಹಾಕಿದ್ದನ್ನು ಉಂಡು ಹೋಗುತ್ತಾರೆ ಎಂದು ಘಟ್ಟದ ಮೇಲಿನ ಕೆಲವು ಸ್ನೇಹಿತರು ಹೇಳುವುದುಂಟು. ಅವರು ನಮ್ಮ ಕಡೆಯ ಮದುವೆ ಮುಗಿಸಿ ಬಂದ ಸಂಜೆ ಯಾರದಾದರೂ ಮನೆಯ ಜಗಲಿಯಲ್ಲಿ ಕುಳಿತಿಲ್ಲ ಎಂದು ಕಾಣುತ್ತದೆ. ಪಾಯಸಕ್ಕೆ ಹಾಕಿದ ತೆಂಗಿನ ಹಾಲು ಎಷ್ಟನೆಯ ಹಿಂಡಿನದು, ಕೋಸಂಬರಿಯ ಮಾವಿನಕಾಯಿಗೆ ಹುಳಿಯೇ ಇರಲಿಲ್ಲವಲ್ಲ, ಹೋಳಿಗೆ ಎರಡನೆಯ ಪಂಕ್ತಿಗೆ ಮುಗಿದದ್ದು ಹೇಗೆ ಎಂದೆಲ್ಲ ಅಲ್ಲಿ ನಡೆಯುವ ವಿಚಾರಣೆಯ ಮುಂದೆ ನ್ಯಾಯಾಲಯ ಏನೂ ಅಲ್ಲ. ಅದೇ ಜನ ಮಧ್ಯಾಹ್ನ ಪಂಕ್ತಿಯಲ್ಲಿ ಕುಳಿತಾಗ, ಯಜಮಾನರು ಕೈ ಮುಗಿದುಕೊಂಡು ‘ಸಾವಕಾಶ ಊಟ ಮಾಡಿ’ ಎನ್ನುತ್ತ ಬಂದರೆ, ತಲೆಯಾಡಿಸಿ ‘ಎಲ್ಲ ಬಂತು, ಎಲ್ಲ ಆಯಿತು’ ಎಂದಿರುತ್ತಾರೆ. ದೂರು ಇದ್ದೇ ಇದೆ. ಬಡಿಸಿದವನ ಮುಖದೆದುರು ಆಡುವುದು ಮರ್ಯಾದೆಯಲ್ಲ, ಅಷ್ಟೇ.

ಇದರ ಬೇರು ಎಲ್ಲಿದೆ ಎಂದು ನನಗೊಂದು ಊಹೆಯಿದೆ. ನಮ್ಮ ಹೋಟೆಲಿನ ಕಸುಬು ಹುಟ್ಟಿದ್ದು ಮಠ, ದೇವಸ್ಥಾನಗಳ ಅಡುಗೆಶಾಲೆಗಳ ಮಗ್ಗುಲಲ್ಲಿ. ಕೃಷ್ಣಮಠದ ಭೋಜನಶಾಲೆಯಲ್ಲಿ ಕುಳಿತವನು ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾನೆಯೇ? ಅದು ಪ್ರಸಾದ. ಪ್ರಸಾದಕ್ಕೆ ರುಚಿಯ ಲೆಕ್ಕ ಕೇಳುವವರಿಲ್ಲ. ಅಲ್ಲಿ ಸೌಟು ಹಿಡಿದು ಕಲಿತವರು ಮುಂದೆ ಮದರಾಸು, ಮುಂಬಯಿ, ಬೆಂಗಳೂರಿಗೆ ಹೋಗಿ ಅದೇ ಸಾರನ್ನು ದುಡ್ಡಿಗೆ ಮಾರಿದರು. ಆದರೆ ಉಣ್ಣುವವನ ಮೌನ ಮಾತ್ರ ಹಳೆಯದೇ ಉಳಿಯಿತು, ಕೊನೆಯ ಪಕ್ಷ ಈ ಊರಿನಲ್ಲಿ. ಹೊರಗೆ ಹೋದವರಲ್ಲಿ ಕೆಲವರು ಈ ಮೌನವನ್ನು ಮುರಿಯುವ ದಾರಿಯನ್ನೂ ಕಂಡುಕೊಂಡರು. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ, ಮುಂದೆ ಎಂಟಿಆರ್ ಎಂದು ಹೆಸರಾದ ಹೋಟೆಲಿನಲ್ಲಿ ಗಿರಾಕಿಗಳಿಗೆ ಅಡುಗೆಮನೆಯನ್ನೇ ತೆರೆದು ತೋರಿಸುತ್ತಿದ್ದರು. ಅಡುಗೆಯವನಿಗೂ ಉಣ್ಣುವವನಿಗೂ ನಡುವೆ ಗೋಡೆ ಇಲ್ಲದಿದ್ದರೆ ಮಾತು ಕಳೆದುಹೋಗುವ ದಾರಿಯೇ ಚಿಕ್ಕದಾಗುತ್ತದೆ. ನಮ್ಮದು ಉದ್ದನೆಯ ಹಳೆಯ ಕಟ್ಟಡ. ಗಲ್ಲಾದಿಂದ ಒಲೆಯವರೆಗೆ ಹೋಗುವಷ್ಟರಲ್ಲಿ ಎರಡು ಬಾಗಿಲು, ಒಂದು ಓಣಿ, ಪಾತ್ರೆ ತೊಳೆಯುವ ಜಾಗ.

ಮಾಣಿಗೆ ಬೀಳುವ ಬೈಗುಳ

ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸತು. ಗಲ್ಲಾದಲ್ಲಿ ಮಾವ ಕುಳಿತುಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಪಾರ್ಸೆಲ್ ಲೆಕ್ಕ ಬರೆಯುತ್ತಿದ್ದೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ದಿನವೂ ಹನ್ನೆರಡೂವರೆಗೆ ಬಂದು ಕಿಟಕಿಯ ಬದಿಯ ಮೇಜಿನಲ್ಲೇ ಊಟಕ್ಕೆ ಕೂರುವವರು. ಒಂದು ದಿನ ಅನ್ನದಲ್ಲಿ ಕಲ್ಲು ಸಿಕ್ಕಿತು. ಅವರು ಏನೂ ಹೇಳಲಿಲ್ಲ, ಕಲ್ಲನ್ನು ಬಾಯಿಯಿಂದ ತೆಗೆದು ಎಲೆಯ ಅಂಚಿಗೆ ಇಟ್ಟರು. ಅದು ಮಾವನ ಕಣ್ಣಿಗೆ ಬಿತ್ತು. ಗಲ್ಲಾದಿಂದ ಎದ್ದು ಬಂದವರೇ ಬಡಿಸುತ್ತಿದ್ದ ಮಾಣಿಯ ಮೇಲೆ ಇಡೀ ಹೋಟೆಲಿಗೆ ಕೇಳುವಂತೆ ಎಗರಿದರು: ‘ಅಕ್ಕಿ ನೋಡಿ ಹಾಕಲು ಕಣ್ಣಿಲ್ಲವೇನೋ ನಿಮಗೆ? ಇವರು ಎಷ್ಟು ವರ್ಷದಿಂದ ಬರುವವರು ಗೊತ್ತಿದೆಯೇ?’ ಹುಡುಗ ಬೈಂದೂರು ಕಡೆಯವನು, ಮೀಸೆ ಆಗಷ್ಟೇ ಚಿಗುರುತ್ತಿತ್ತು. ಅಕ್ಕಿ ಆರಿಸುವುದಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ. ಸಾರಿನ ಬೋಗುಣಿ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದ. ಆ ಗಿರಾಕಿ ಕೆಂಪಾದರು. ಮಜ್ಜಿಗೆಗೆ ಕಾಯದೆ ಎದ್ದುಬಿಟ್ಟರು.

ಊಟಕ್ಕೆ ಬರುವುದನ್ನು ಅವರು ಬಿಡಲಿಲ್ಲ. ಆದರೆ ಆಮೇಲೆ ಎಂದೂ ಅವರ ಎಲೆಯ ಅಂಚಿನಲ್ಲಿ ಏನೂ ಕಾಣಿಸಲಿಲ್ಲ. ಏನಾದರೂ ಸಿಕ್ಕಿದರೆ ಅನ್ನದಡಿಯಲ್ಲಿ ಮುಚ್ಚಿ, ಎಲೆಯನ್ನು ತಮ್ಮ ಕಡೆಗೆ ಮಡಚಿ ಏಳುತ್ತಿದ್ದರು. ಬಹಳ ವರ್ಷಗಳ ಮೇಲೆ, ಮಾವ ಗಲ್ಲಾ ಬಿಟ್ಟು ನಾನು ಕುಳಿತ ಮೇಲೆ, ಈ ಮಾತು ಒಮ್ಮೆ ಅವರೊಡನೆ ಬಂತು. ‘ಹೇಳಿದರೆ ಆ ಹುಡುಗನಿಗೆ ಬೈಗುಳ ಬೀಳುತ್ತದಲ್ಲಮ್ಮ. ನನ್ನ ಊಟ ಕೆಟ್ಟಿತೆಂದು ಅವನ ಊಟವನ್ನೂ ಯಾಕೆ ಕೆಡಿಸಬೇಕು?’ ಎಂದರು. ನಮ್ಮ ಅಡುಗೆಮನೆಯ ಸೋಲುಗಳನ್ನು ಈ ಸಜ್ಜನರು ಅಷ್ಟು ವರ್ಷ ಎಲೆಯಲ್ಲಿ ಮಡಚಿ ಕಸದ ಡಬ್ಬಿಗೆ ಹಾಕುತ್ತಿದ್ದರು. ಅವರಂಥವರು ಇನ್ನೆಷ್ಟು ಜನ ಇದ್ದರೋ.

ಮಾವ ಕೆಟ್ಟವರಲ್ಲ. ಹಾಗೆ ಗದರಿದರೆ ಗಿರಾಕಿಗೆ ಗೌರವ ಕೊಟ್ಟಂತೆ ಎಂದು ಅವರು ನಂಬಿದ್ದರು. ಅವರ ಕಾಲದ ಹೋಟೆಲ್ ಧಣಿಗಳೆಲ್ಲ ಹಾಗೆಯೇ. ಆದರೆ ಆ ಗದರಿಕೆ ಗಿರಾಕಿಯ ಕಿವಿಗೆಂದು ಮಾಡಿದ್ದು. ಅಕ್ಕಿ ಎಲ್ಲಿಂದ ಬಂತು, ಮೂಟೆ ಬದಲಾಗಿತ್ತೇ, ಆರಿಸುವ ಹೆಂಗಸು ಅಂದು ರಜೆಯಲ್ಲಿದ್ದಳೇ ಎಂದು ಒಳಗೆ ಹೋಗಿ ಕೇಳಿದವರಿಲ್ಲ. ಮಾಣಿಗಳು ಮಾತ್ರ ಪಾಠ ಕಲಿತರು. ತಟ್ಟೆಯಲ್ಲಿ ಏನಾದರೂ ಕಂಡರೆ ಧಣಿಯ ಕಣ್ಣಿಗೆ ಬೀಳುವ ಮೊದಲೇ ಎತ್ತಿ ಒಳಗೆ ಸಾಗಿಸುವುದರಲ್ಲಿ ಅವರು ನಿಪುಣರಾದರು. ಈಗಂತೂ ಬಡಿಸುವ ಹುಡುಗರು ಒಡಿಶಾ, ಅಸ್ಸಾಮಿನಿಂದ ಬಂದವರು. ತುಳುವಿನಲ್ಲಿ ಹೇಳಿದ ದೂರು ಅವರ ಕಿವಿಯಲ್ಲಿ ಅರ್ಧವಾಗಿ, ಹಿಂದಿಯಲ್ಲಿ ಅಡುಗೆಮನೆಗೆ ಹೋಗುವಾಗ ಕಾಲುಭಾಗವಾಗಿರುತ್ತದೆ.

ನಮ್ಮ ಕಾಲಕ್ಕೆ ಗದರಿಕೆ ಹೋಯಿತು, ಅದರ ಜಾಗಕ್ಕೆ ನಯವಾದ ಇನ್ನೊಂದು ಬಂತು. ನನ್ನ ಗಂಡ ಹೋಟೆಲ್ ನಿರ್ವಹಣೆ ಓದಿದವರು. ದೂರು ಬಂದ ಕೂಡಲೇ ಮುಗುಳ್ನಗೆ, ಕ್ಷಮೆ, ‘ಬಿಲ್ಲು ಬೇಡ ಸರ್.’ ಬೇಕಿದ್ದರೆ ಮೇಲಿಂದ ಒಂದು ಐಸ್‌ಕ್ರೀಮ್. ನೋಡಲು ಬಹಳ ಚೆನ್ನ. ಗಿರಾಕಿಯ ಮುಖ ಅರಳುತ್ತದೆ, ಸುತ್ತಲಿನ ಮೇಜಿನವರು ಮೆಚ್ಚುತ್ತಾರೆ. ಒಳಗೆ ಒಲೆಯ ಮುಂದಿರುವ ಭಟ್ಟರಿಗೆ ಮಾತ್ರ ಮಾವನ ಕಾಲದಲ್ಲಿ ಎಷ್ಟು ಸುದ್ದಿ ಮುಟ್ಟುತ್ತಿತ್ತೋ ಈಗಲೂ ಅಷ್ಟೇ, ಅಂದರೆ ಏನೂ ಇಲ್ಲ.

ಉಪ್ಪು ಚಹಾ

ಬಿಲ್ಲು ಬಿಡುವ ಈ ಪದ್ಧತಿಯ ಮೇಲೆ ನನಗೆ ಅಪನಂಬಿಕೆ ಹುಟ್ಟಿಸಿದವರು ನಾಲ್ಕು ಗಂಟೆಗೆ ಚಹಾ ಮತ್ತು ಗೋಳಿಬಜೆಗೆ ಬರುವ ಒಬ್ಬ ಮೇಷ್ಟ್ರು. ಮೇ ತಿಂಗಳು, ಕೂತಲ್ಲೇ ಬೆವರು ಸುರಿಯುವ ಸೆಖೆ. ಚಹಾ ಕುಡಿದು ಮೇಷ್ಟ್ರು ‘ಇದರಲ್ಲಿ ಉಪ್ಪಿದೆ’ ಎಂದರು. ಬಡಿಸುವ ಹುಡುಗ ನಕ್ಕ. ನನ್ನವರು ಓಡಿ ಹೋಗಿ ‘ಬೇರೆ ತರಿಸುತ್ತೇನೆ ಮೇಷ್ಟ್ರೇ, ಬಿಲ್ಲು ಬೇಡ’ ಎಂದರು. ಬೇರೆ ತಂದದ್ದನ್ನೂ ಅವರು ಒಂದು ಗುಟುಕು ಕುಡಿದು ಇಟ್ಟು ಹೋದರು. ಮರುದಿನ ಮತ್ತೆ ಅದೇ ಮಾತು, ಮತ್ತೆ ಅದೇ ‘ಬಿಲ್ಲು ಬೇಡ.’ ಆಗ ಮೇಷ್ಟ್ರು ಚಹಾದ ದುಡ್ಡನ್ನು ಗಲ್ಲಾದ ಮೇಲೆ ಕುಟ್ಟಿ ಇಟ್ಟರು. ‘ನಾನು ದುಡ್ಡು ಉಳಿಸಲು ಬಂದವನೇ? ಎರಡು ದಿನದಿಂದ ಹೇಳುತ್ತಿದ್ದೇನೆ, ನಿಮ್ಮಲ್ಲಿ ಒಬ್ಬರಾದರೂ ಆ ಚಹಾವನ್ನು ಕುಡಿದು ನೋಡಿದಿರಾ?’

ಯಾರೂ ನೋಡಿರಲಿಲ್ಲ. ನಾನು ಒಂದು ಲೋಟ ತರಿಸಿ ಅವರೆದುರಿಗೇ ಕುಡಿದೆ. ಮೊದಲು ಸಿಹಿ, ಆಮೇಲೆ ಒಗರು, ಎಲ್ಲ ಇಳಿದ ಮೇಲೆ ನಾಲಿಗೆಯ ಬುಡದಲ್ಲಿ ಸಣ್ಣಗೆ, ಸಂದೇಹವೇ ಇಲ್ಲದಂತೆ, ಉಪ್ಪು. ಸಕ್ಕರೆ ಡಬ್ಬಿಗೆ ಉಪ್ಪು ಬಿದ್ದಿರಬಹುದು ಎಂದು ಮೊದಲು ಅದನ್ನು ನೋಡಿದೆವು. ಸಕ್ಕರೆ ಸರಿಯಿತ್ತು. ಹಾಲು ಸರಿಯಿತ್ತು. ಬೆಳಗಿನ ಚಹಾಕ್ಕೆ ಯಾರೂ ತಕರಾರು ತೆಗೆದಿರಲಿಲ್ಲ ಎನ್ನುವುದು ಆಗ ಹೊಳೆಯಿತು. ಬೆಳಗ್ಗೆ ನಾವು ಬಳಸುವುದು ನಮ್ಮ ಬಾವಿಯ ನೀರು, ರಾತ್ರಿಯೇ ಟ್ಯಾಂಕಿಗೆ ಏರಿಸಿದ್ದು. ಮೇ ತಿಂಗಳಲ್ಲಿ ಬಾವಿ ಮಧ್ಯಾಹ್ನಕ್ಕೆ ಕೆಸರು ಕಾಣುತ್ತದೆ, ಮತ್ತೆ ಒಸರಿ ತುಂಬಲು ರಾತ್ರಿಯಾಗಬೇಕು. ಆದ್ದರಿಂದ ಊಟದ ಹೊತ್ತಿಗೆ ಟ್ಯಾಂಕರ್ ತರಿಸುತ್ತೇವೆ. ಆ ವಾರ ಟ್ಯಾಂಕರಿನವನು ತನ್ನ ಮಾಮೂಲು ಬಾವಿ ಬತ್ತಿದ್ದರಿಂದ ಹೊಳೆಯ ಕೆಳಬದಿಯ ಇನ್ನೊಂದು ಬಾವಿಯಿಂದ ತುಂಬಿಸುತ್ತಿದ್ದ. ಬೇಸಿಗೆಯ ಕೊನೆಗೆ ಹೊಳೆಯಲ್ಲಿ ಮೇಲಿನಿಂದ ಹರಿದು ಬರುವ ನೀರಿಲ್ಲ. ಉಬ್ಬರಕ್ಕೆ ಸಮುದ್ರದ ನೀರು ಒಳಗೆ ಏರುತ್ತದೆ, ದಡದ ಬಾವಿಗಳು ಉಪ್ಪಾಗುತ್ತವೆ. ಇದು ಇಲ್ಲಿನ ಮಕ್ಕಳಿಗೂ ಗೊತ್ತು. 2019ರ ಬೇಸಿಗೆಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ತಳ ಕಂಡು ನಗರಕ್ಕೆ ನೀರೇ ಇಲ್ಲದಂತಾದಾಗ ಟ್ಯಾಂಕರಿನ ನೀರು ಯಾವ ಊರಿನದು ಎಂದು ಕೇಳುವ ಧೈರ್ಯ ಯಾರಿಗಿತ್ತು? ಬಂದರೆ ಸಾಕಿತ್ತು. ಅದೇ ಮೇ ತಿಂಗಳಲ್ಲಿ ಧರ್ಮಸ್ಥಳದ ಹೆಗ್ಗಡೆಯವರು ನೀರಿನ ಅಭಾವವಿದೆ, ಯಾತ್ರೆಯನ್ನು ಸ್ವಲ್ಪ ದಿನ ಮುಂದೂಡಿ ಎಂದು ಭಕ್ತರನ್ನೇ ಕೇಳಿಕೊಂಡಿದ್ದರು. ಕೇಳದೆ ಸುರಿಸಿಕೊಳ್ಳುವ ಆ ಅಭ್ಯಾಸ ನಮ್ಮಲ್ಲಿ ಉಳಿದುಬಿಟ್ಟಿತ್ತು.

ಇಷ್ಟೆಲ್ಲ ಪತ್ತೆ ಮಾಡಿ ಅಡುಗೆಮನೆಗೆ ಹೋಗಿ ಹೇಳಿದರೆ ಭಟ್ಟರು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. ‘ನೀರು ಉಪ್ಪಿದೆ ಎಂದು ನನಗೆ ಸೋಮವಾರವೇ ಗೊತ್ತಾಗಿದೆಯಲ್ಲ ಅಕ್ಕ. ಅದಕ್ಕೇ ಸಾಂಬಾರಿಗೆ, ಪಲ್ಯಕ್ಕೆ ಉಪ್ಪು ಇಳಿಸಿದ್ದೇನೆ’ ಎಂದರು, ತಮ್ಮ ಕೈಚಳಕವನ್ನು ನಾವು ಹೊಗಳಲಿ ಎಂಬಂತೆ. ಹೊಗಳಬೇಕಾದದ್ದೇ. ಊಟದ ಬಗ್ಗೆ ಒಂದು ದೂರೂ ಬಾರದಂತೆ ಕೈ ಅಳತೆಯಲ್ಲೇ ಸರಿದೂಗಿಸಿದ್ದರು. ಚಹಾಕ್ಕೆ ಉಪ್ಪು ಹಾಕುವುದಿಲ್ಲವಾದ್ದರಿಂದ ಇಳಿಸಲು ಏನೂ ಇರಲಿಲ್ಲ; ಅಲ್ಲಿ ಗುಟ್ಟು ಹೊರಬಿತ್ತು. ಒಳಗಿದ್ದವರಿಗೆ ಕಾರಣ ಗೊತ್ತಿತ್ತು, ಹೊರಗಿದ್ದವರಿಗೆ ದೂರು ಗೊತ್ತಿತ್ತು. ಎರಡರ ನಡುವೆ ‘ಬಿಲ್ಲು ಬೇಡ’ ಎನ್ನುವ ಸೌಜನ್ಯ ಬಾಗಿಲಿಗೆ ಅಡ್ಡವಾಗಿ ನಿಂತಿತ್ತು.

ಲೆಕ್ಕ ಹಾಕಿ ನೋಡಿದರೆ ಇದರ ಅಪಾಯ ಅರ್ಥವಾಗುತ್ತದೆ. ಒಂದು ಚಹಾದ ಬಿಲ್ಲು ಬಿಡುವುದು ತೀರ ಅಗ್ಗ. ಟ್ಯಾಂಕರಿನವನನ್ನು ಹಿಡಿದು ಕೇಳುವುದು, ಬೇರೆಯವನನ್ನು ಹುಡುಕುವುದು, ಚಹಾ ಕಾಫಿಗೆ ಕ್ಯಾನ್ ನೀರು ತರಿಸುವುದು ದುಬಾರಿ ಮತ್ತು ತಲೆನೋವು. ಅಗ್ಗದ ದಾರಿ ಕೈಯಳತೆಯಲ್ಲಿರುವವರೆಗೆ ಯಾರೂ ಕಾರಣ ಹುಡುಕಲು ಹೊರಡುವುದಿಲ್ಲ. ನಾನು ಬಿಲ್ಲು ಬಿಡುವುದರ ವಿರೋಧಿಯಲ್ಲ. ತಟ್ಟೆಯಲ್ಲಿ ಜಿರಲೆ ಸಿಕ್ಕಿದವನಿಂದ ದುಡ್ಡು ತೆಗೆದುಕೊಳ್ಳುವುದು ಹೇಗೆ? ಆದರೆ ಮೊದಲು ಅವನ ತಟ್ಟೆಯದನ್ನು ನಾವು ನಾಲಿಗೆಗೆ ಹಚ್ಚಬೇಕು ಅಥವಾ ಕಣ್ಣಿಟ್ಟು ನೋಡಬೇಕು, ಆ ತಟ್ಟೆ ಒಲೆಯವರೆಗೆ ಹೋಗಬೇಕು. ದುಡ್ಡಿನ ಮಾತು ಆಮೇಲೆ. ಈಗ ನಮ್ಮಲ್ಲಿ ಟ್ಯಾಂಕರ್ ಬಂದರೆ ಪೈಪು ಬಿಡುವ ಮೊದಲು ಒಂದು ಚೊಂಬು ನೀರನ್ನು ಭಟ್ಟರೇ ಬಾಯಿಗೆ ಹಾಕಿ ನೋಡಿ ‘ಹ್ಞೂಂ’ ಎನ್ನಬೇಕು.

ಬಗ್ಗದೆ ಇರಬೇಕಾದ ದೂರುಗಳು

ಎಲ್ಲ ದೂರಿಗೂ ತಲೆಬಾಗಬೇಕೆಂದು ನಾನು ಹೇಳುತ್ತಿಲ್ಲ. ಮಠಕ್ಕೆ, ಮಲ್ಪೆಗೆ ಬಂದ ಪ್ರವಾಸಿಗಳು ನಮ್ಮಲ್ಲಿ ಅತಿ ಹೆಚ್ಚು ಹೇಳುವ ದೂರು ಸಾಂಬಾರು ಸಿಹಿ ಎಂದು. ಹೌದು, ಬೆಲ್ಲ ಹಾಕುತ್ತೇವೆ. ತೆಂಗಿನೆಣ್ಣೆಯ ವಾಸನೆ ಎನ್ನುತ್ತಾರೆ. ಹೌದು, ಒಗ್ಗರಣೆ ತೆಂಗಿನೆಣ್ಣೆಯದೇ. ಕುಚ್ಚಲಕ್ಕಿ ಅನ್ನ ನೋಡಿ ‘ಇದು ಬೆಂದಿಲ್ಲ’ ಎಂದವರಿದ್ದಾರೆ. ಬೆಂದದ್ದಷ್ಟೇ ಅಲ್ಲ, ಭತ್ತವಾಗಿದ್ದಾಗಲೇ ಒಮ್ಮೆ ಬೆಂದು ಬಂದದ್ದು. ಇಂಥ ಮಾತುಗಳು ತಪ್ಪಿನ ದೂರುಗಳಲ್ಲ, ಊರಿನ ದೂರುಗಳು. ಸಾಂಬಾರಿನ ಬೆಲ್ಲ ತೆಗೆದು, ಒಗ್ಗರಣೆಗೆ ಸೂರ್ಯಕಾಂತಿ ಎಣ್ಣೆ ಹಾಕಿ, ಎಲ್ಲರಿಗೂ ಬಿಳಿ ಅಕ್ಕಿಯ ಬೆಳ್ತಿಗೆ ಅನ್ನ ಬಡಿಸಿದರೆ ಹೆದ್ದಾರಿಯ ಬದಿಯ ಯಾವ ಹೋಟೆಲಿಗೂ ನಮಗೂ ವ್ಯತ್ಯಾಸ ಇರುವುದಿಲ್ಲ. ಅಕ್ಕಿಯ ವಿಷಯದಲ್ಲಿ ಒಂದು ಸುಲಭ ಉಪಾಯವಿದೆ: ಬಡಿಸುವ ಮೊದಲೇ ‘ಬೆಳ್ತಿಗೆಯೋ ಕುಚ್ಚಲೋ’ ಎಂದು ಕೇಳುವುದು. ಸಾಂಬಾರಿನ ವಿಷಯದಲ್ಲಿ ಅಂಥ ಉಪಾಯವಿಲ್ಲ. ‘ಇಲ್ಲಿ ಹೀಗೆಯೇ ಸರ್, ಖಾರ ಬೇಕಿದ್ದರೆ ಉಪ್ಪಿನಕಾಯಿ ಕೊಡುತ್ತೇನೆ’ ಎಂದು ನಗುನಗುತ್ತ ಹೇಳಬೇಕು, ಹೇಳುವಾಗ ಕ್ಷಮೆ ಕೇಳಬಾರದು. ಕ್ಷಮೆ ಕೇಳಿದರೆ ಒಳಗಿರುವ ಭಟ್ಟರಿಗೆ ಅವಮಾನ ಮಾಡಿದಂತೆ.

ತಮಾಷೆಯ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಯ್ದ ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೋಡಮೈನ್‌-ಬಿ ಸಿಕ್ಕಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು, ಎಲ್ಲರೂ ಓದಿ ಹೌಹಾರಿದ್ದರು. ಸಂಜೆ ಆರರ ಮೇಲೆ ನಮ್ಮಲ್ಲೂ ಗೋಬಿ ಇದೆ. ಆಮೇಲೆ ಬರಲಾರಂಭಿಸಿದ ದೂರು ಏನು ಗೊತ್ತೇ? ‘ಗೋಬಿ ಕೆಂಪಾಗಿಲ್ಲ, ಮೊದಲಿನ ರುಚಿ ಇಲ್ಲ.’ ಬ್ಯಾಡಗಿ ಮೆಣಸಿನ ಬಣ್ಣ ಇಷ್ಟೇ ಎಂದು ಹೇಳಿದರೆ, ಪಕ್ಕದ ಬೀದಿಯಲ್ಲಿ ಕೆಂಪಾಗಿಯೇ ಸಿಗುತ್ತದಲ್ಲ ಎನ್ನುತ್ತಾರೆ. ಇಂಥ ದೂರಿಗೆ ಬಗ್ಗಿದವನು ಜೈಲಿನ ಬಾಗಿಲು ತಟ್ಟಿದಂತೆಯೇ. ಗಿರಾಕಿ ದೇವರು ಎಂಬ ಬೋರ್ಡು ಹಾಕಿಕೊಂಡ ಹೋಟೆಲುಗಳನ್ನು ನಾನು ಬಲ್ಲೆ. ದೇವರು ತಪ್ಪು ಹೇಳಿದರೆ ಏನು ಮಾಡಬೇಕೆಂದು ಆ ಬೋರ್ಡಿನಲ್ಲಿ ಬರೆದಿರುವುದಿಲ್ಲ.

ಹೊಟ್ಟೆ ಕೆಟ್ಟಿತು ಎಂದು ಫೋನ್ ಬಂದರೆ

ಇದೊಂದೇ ದೂರಿಗೆ ನಗುವೂ ಸಲ್ಲ, ವಾದವೂ ಸಲ್ಲ. ‘ನಮ್ಮಲ್ಲಿ ಊಟ ಮಾಡಿದ ಉಳಿದವರಿಗೆ ಏನೂ ಆಗಿಲ್ಲವಲ್ಲ’ ಎನ್ನುವುದು ಹೋಟೆಲಿನವರ ಬಾಯಿಗೆ ಮೊದಲು ಬರುವ ಮಾತು, ಅದನ್ನು ನುಂಗಿಕೊಳ್ಳಬೇಕು. ಉಳಿದವರು ಎಲೆ ಮಡಚಿಕೊಂಡು ಹೋಗುವ ಜಾತಿಯವರಾಗಿದ್ದರೆ? ಕೇಳಬೇಕಾದದ್ದು ಬೇರೆ: ಎಷ್ಟು ಹೊತ್ತಿಗೆ ಉಂಡಿರಿ, ಏನೇನು ತಿಂದಿರಿ, ಜೊತೆಯಲ್ಲಿ ಯಾರಿದ್ದರು, ಅವರು ಏನು ತಿಂದಿದ್ದರು, ವಾಂತಿ ಶುರುವಾದದ್ದು ಯಾವಾಗ, ವೈದ್ಯರಿಗೆ ತೋರಿಸಿದಿರಾ. ಹೊತ್ತಿನ ಲೆಕ್ಕ ಮುಖ್ಯ. ಹೊರಗೆ ಬಹಳ ಹೊತ್ತು ಇಟ್ಟ ಅನ್ನ, ಹಾಲಿನ ಪದಾರ್ಥಗಳಲ್ಲಿ ಹುಟ್ಟುವ ಕೆಲವು ವಿಷಗಳು ಹೆಚ್ಚಾಗಿ ಆರು ಗಂಟೆಯೊಳಗೇ ವಾಂತಿ ಬರಿಸುತ್ತವೆ. ಸಾಲ್ಮೊನೆಲ್ಲಾದಂಥ ಸೋಂಕು 6ರಿಂದ 72 ಗಂಟೆಯವರೆಗೆ ತೆಗೆದುಕೊಳ್ಳಬಹುದು. ಜನ ಸಾಮಾನ್ಯವಾಗಿ ಕೊನೆಗೆ ಉಂಡ ಜಾಗವನ್ನೇ ದೂರುತ್ತಾರೆ, ಕೆಲವು ಸಲ ಅಪರಾಧಿ ಹಿಂದಿನ ದಿನದ ಊಟವಾಗಿರುತ್ತದೆ. ಆದರೆ ಅದನ್ನು ಹೊಟ್ಟೆ ಹಿಡಿದುಕೊಂಡವನ ಹತ್ತಿರ ವಾದಿಸಿ ಗೆಲ್ಲುವುದು ನಮ್ಮ ಕೆಲಸವಲ್ಲ. ಕೇಳಿದ್ದನ್ನೆಲ್ಲ ಬರೆದುಕೊಂಡು ಒಳಗೆ ಹೋಗಿ ಆ ದಿನದ ಅಡುಗೆ ಎಷ್ಟು ಹೊತ್ತಿನದು, ಎಲ್ಲಿ ಇಟ್ಟಿತ್ತು ಎಂದು ನೋಡುವುದು ನಮ್ಮ ಕೆಲಸ.

ನನಗೆ ಯಾವಾಗಲೂ ಮೊದಲ ಅನುಮಾನ ತೆಂಗಿನಕಾಯಿ ಚಟ್ನಿಯ ಮೇಲೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿ ರೋಗಾಣುಗಳಿಗೆ ಹಬ್ಬ ಎನ್ನುತ್ತಾರೆ. ನಮ್ಮ ಏಪ್ರಿಲ್, ಮೇ ತಿಂಗಳ ಅಡುಗೆಮನೆ ಆ ಹಬ್ಬದ ಚಪ್ಪರ. ಬೆಳಗ್ಗೆ ಏಳಕ್ಕೆ ರುಬ್ಬಿದ ಚಟ್ನಿ ಹನ್ನೊಂದಕ್ಕೆ ಹಳಸಲಾರಂಭಿಸುತ್ತದೆ. ಅದಕ್ಕೆ ಮತ್ತೆ ಹೊಸತನ್ನು ಬೆರೆಸಿ ಬಿಡುವ ದುರಭ್ಯಾಸವೊಂದು ಎಲ್ಲ ಅಡುಗೆಮನೆಗಳಲ್ಲೂ ಇದೆ, ಹೊಸತೂ ಕೆಡುತ್ತದೆ. ಸ್ವಲ್ಪ ಸ್ವಲ್ಪವೇ ರುಬ್ಬಿ, ಪಾತ್ರೆ ಖಾಲಿಯಾಗಿ ತೊಳೆದ ಮೇಲೆಯೇ ಮುಂದಿನದನ್ನು ಹಾಕಬೇಕು. ಇದಕ್ಕೆ ಭಟ್ಟರೊಡನೆ ಜಗಳವಾಡದ ಬೇಸಿಗೆಯಿಲ್ಲ.

ಗಿರಾಕಿ ಇನ್ನೂ ಮುಂದೆ ಹೋಗಬಹುದು. ಗೋಡೆಯ ಮೇಲೆ ತೂಗುಹಾಕಿದ ಪರವಾನಗಿಯ 14 ಅಂಕಿಗಳ ಸಂಖ್ಯೆ ಬರೆದುಕೊಂಡು ಆಹಾರ ಸುರಕ್ಷತಾ ಇಲಾಖೆಗೆ ದೂರು ಕೊಡಬಹುದು, 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಗೆ ಹೇಳಬಹುದು. 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ಅಧಿಕಾರಿ ಮಾದರಿ ತೆಗೆದರೆ ಅದನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು, ಒಂದು ಭಾಗ ವಿಶ್ಲೇಷಕರಿಗೆ ಹೋಗುತ್ತದೆ, ಅವರು 14 ದಿನದೊಳಗೆ ವರದಿ ಕೊಡಬೇಕು. ನಾವು ಕೇಳಿಕೊಂಡರೆ ಒಂದು ಭಾಗವನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಅದರ ಖರ್ಚು ನಮ್ಮದು. ಇಲಾಖೆಯವರು ಬಂದರೆಂದರೆ ಹೋಟೆಲಿನವರು ಹಾವು ಕಂಡವರಂತೆ ಆಡುವುದನ್ನು ನೋಡಿದ್ದೇನೆ. ಚಟ್ನಿಯ ಪಾತ್ರೆ ಸರಿಯಿದ್ದವರಿಗೆ ಈ ನಾಲ್ಕು ಭಾಗದ ಪದ್ಧತಿ ರಕ್ಷಣೆಯೇ ಹೊರತು ಶಿಕ್ಷೆಯಲ್ಲ.

ಫೋಟೋ ದೂರುಗಳು

ಮನೆಗೆ ತಲುಪಿಸುವ ಆ್ಯಪ್‌ಗಳ ಕತೆ ಬೇರೆಯೇ, ಅದಕ್ಕೆ ಹೆಚ್ಚು ಮಾತು ಖರ್ಚು ಮಾಡಲಾರೆ. ಮಳೆಯಲ್ಲಿ ಮಣಿಪಾಲದ ಗುಡ್ಡ ಹತ್ತಿ ಹೋದ ಮಸಾಲೆದೋಸೆ ಗರಿಗರಿಯಾಗಿ ತಲುಪುವುದಿಲ್ಲ. ವಿದ್ಯಾರ್ಥಿ ಒಂದು ಫೋಟೋ ತೆಗೆದು ಹಾಕುತ್ತಾನೆ, ನಮ್ಮನ್ನು ಕೇಳದೆಯೇ ಅವನಿಗೆ ದುಡ್ಡು ವಾಪಸಾಗುತ್ತದೆ, ವಾರದ ಲೆಕ್ಕದಲ್ಲಿ ನಮಗೆ ಕಡಿತವಾಗಿರುತ್ತದೆ. ‘ಬಿಲ್ಲು ಬೇಡ’ ಎನ್ನುವುದನ್ನು ಯಂತ್ರಕ್ಕೇ ಕಲಿಸಿಬಿಟ್ಟಿದ್ದಾರೆ. ದೋಸೆಯನ್ನು ಆ್ಯಪ್‌ನ ಪಟ್ಟಿಯಿಂದ ತೆಗೆಯುವುದೇ ಇದಕ್ಕೆ ಮದ್ದು ಎಂದು ನಾನು. ಅತಿ ಹೆಚ್ಚು ಹೋಗುವುದೇ ಅದು ಎಂದು ನನ್ನವರು. ಸದ್ಯಕ್ಕೆ ದೋಸೆ ಹೋಗುತ್ತಿದೆ, ದೂರು ಬರುತ್ತಿದೆ.

ಗೂಗಲ್‌ನಲ್ಲಿ ಬರೆದವರಿಗೆ ಉತ್ತರ ಕೊಡುವುದು ಮಾತ್ರ ನನ್ನ ಪಾಲಿನದು. ‘ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ, ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಕ್ಕಣೆಯನ್ನು ಎಲ್ಲರಿಗೂ ಅಂಟಿಸುವ ಹೋಟೆಲುಗಳಿವೆ. ಅದನ್ನು ಓದಿದರೆ ನನಗೇ ಸಿಟ್ಟು ಬರುತ್ತದೆ. ಆರಿದ ಸಾರಿನವರಿಗೆ ನಾನು ಬರೆದದ್ದು ಇಷ್ಟು: ಸಾರಿನ ಪಾತ್ರೆಯ ಕೆಳಗಿನ ಬರ್ನರ್ ಅಂದು ಕೈಕೊಟ್ಟಿತ್ತು, ಬದಲಾಯಿಸಿದ್ದೇವೆ; ಕೈ ತೊಳೆಯುವಲ್ಲಿನ ಚರಂಡಿ ಕಿತ್ತು ಸರಿಮಾಡಿಸಿದ್ದೇವೆ; ಎರಡನೆಯ ಸಲ ಅನ್ನ ಕೇಳಿದಾಗ ಬಾರದ್ದಕ್ಕೆ ಕಾರಣ ಆ ದಿನ ಇಬ್ಬರು ಹುಡುಗರು ಕಡಿಮೆ ಇದ್ದದ್ದು. ಅವರು ಉತ್ತರಿಸಲಿಲ್ಲ, ನಕ್ಷತ್ರವೂ ಹೆಚ್ಚಲಿಲ್ಲ.

ಆ ಮೇಲೆ ಅಡುಗೆಮನೆಯ ಬಾಗಿಲಲ್ಲಿ ದಾರ ಕಟ್ಟಿ ಒಂದು ನೋಟುಪುಸ್ತಕ ತೂಗುಹಾಕಿದ್ದೇನೆ. ಬಡಿಸುವವರು ಕೇಳಿದ್ದು, ತಟ್ಟೆಯಲ್ಲಿ ಉಳಿದು ಬಂದದ್ದು, ಯಾವ ಹೊತ್ತು, ಯಾವ ಪದಾರ್ಥ ಎಂದು ಬರೆಯಬೇಕು. ಬರೆಯಲು ಬಾರದವರು ಬಂದು ಹೇಳಿದರೆ ನಾನು ಬರೆಯುತ್ತೇನೆ. ಯಾರು ಬಡಿಸಿದ್ದರು, ಯಾರು ಮಾಡಿದ್ದರು ಎಂದು ಹೆಸರು ಹಾಕುವಂತಿಲ್ಲ. ಇದೊಂದೇ ಕಟ್ಟಳೆ, ಇದನ್ನು ಮುರಿದ ದಿನ ಪುಸ್ತಕ ಖಾಲಿ ಬೀಳುತ್ತದೆ ಎಂದು ನನಗೆ ಖಾತ್ರಿಯಿದೆ. ಮೂರು ಗಂಟೆಗೆ, ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಭಟ್ಟರು ಚಹಾ ಕುಡಿಯುವಾಗ ಅದನ್ನು ಓದುತ್ತೇನೆ. ಅಸ್ಸಾಮಿನ ಹುಡುಗನೊಬ್ಬ ಮಂಗಳವಾರಗಳಂದು ಇಡ್ಲಿ ಹೆಚ್ಚು ಉಳಿದು ಬರುತ್ತದೆ ಎಂದು ಹೇಳಿದ. ಸೋಮವಾರ ರಾತ್ರಿ ಹಿಟ್ಟು ರುಬ್ಬುವವನ ರಜೆ, ಬದಲಿಗೆ ಬರುವವನ ಉದ್ದು ನುಣ್ಣಗಾಗುವುದಿಲ್ಲ ಎನ್ನುವುದು ಹಾಗೆ ಬೆಳಕಿಗೆ ಬಂತು. ಇದನ್ನು ಯಾವ ಗಿರಾಕಿಯೂ ಗೂಗಲ್‌ನಲ್ಲಿ ಬರೆದಿರಲಿಲ್ಲ.

ಮಾವನಿಗೆ ಈ ಪುಸ್ತಕ ಸ್ವಲ್ಪವೂ ಹಿಡಿಸಿಲ್ಲ. ಸಂಜೆ ಒಂದು ಸುತ್ತು ಹೋಟೆಲಿಗೆ ಬಂದಾಗ ಕನ್ನಡಕ ಏರಿಸಿ ಪುಟ ತಿರುಗಿಸುತ್ತಾರೆ. ‘ನನ್ನ ಕಾಲದಲ್ಲಿ ವರ್ಷಕ್ಕೆ ಇಷ್ಟು ದೂರು ಇರಲಿಲ್ಲ, ನಿನ್ನ ಕಾಲದಲ್ಲಿ ವಾರಕ್ಕೆ ಇಷ್ಟಾಯಿತಲ್ಲ’ ಎನ್ನುತ್ತಾರೆ. ಎಲೆ ಮಡಚುತ್ತಿದ್ದ ಆ ಗಿರಾಕಿಯ ಮಾತನ್ನು ಅವರಿಗೆ ಹೇಳುವುದೋ ಬೇಡವೋ ಎಂದು ನಾನಿನ್ನೂ ತೀರ್ಮಾನಿಸಿಲ್ಲ. ಮೊನ್ನೆ ಪುಸ್ತಕದಲ್ಲಿ ಮಾವನ ಉದ್ದುದ್ದ ಅಕ್ಷರದಲ್ಲಿ ಒಂದು ಸಾಲು ಕಾಣಿಸಿತು: ‘ಬನ್ಸ್ ಎಣ್ಣೆ ಕುಡಿದಿದೆ.’ ಓದಿದಾಗ ಭಟ್ಟರು ಚಹಾದ ಲೋಟ ಕೆಳಗಿಟ್ಟು, ಬಾಳೆಹಣ್ಣು ಅತಿಯಾಗಿ ಕಳಿತದ್ದು ಬಂದಿತ್ತು, ಹಿಟ್ಟು ಸಡಿಲವಾಯಿತು, ಅದಕ್ಕೆ ತಾನೇನು ಮಾಡಲಿ ಎಂದರು. ಬಾಳೆಹಣ್ಣು ತರುವುದು ಮಾವನ ಕೆಲಸ.